ಸೈಕಲ್ಲಿಗೆ ಹೇಳಿದ ಮಾತು

ಶಹಾಬಾದ
ಈಶ್ವರ ಸಂವತ್ಸರ, ಪುಷ್ಯ ಶುದ್ಧ ಪಂಚಮಿ
(ಫಸಲಿ ೧೩೪೭)

ಮುದ್ದಿನ ಮಗಳು ನೀಲವ್ವನಿಗೆ ನಿನ್ನ ಅವ್ವ ಶಿವಕಾಂತಮ್ಮನ ತುಂಬು ಆಶೀರ್ವಾದ.

ಮೈ ಹೇಗಿದೆ ತಾಯಿ? ಸೊಲ್ಲಾಪುರದ ಚಳಿಗೆ ಕಾಲು ಜೋಮು ಹಿಡಿಯುತ್ತದೆ ಎಂದು ಬರೆದಿದ್ದೆ. ಅಜವಾನ ಹಾಕಿ ಕಾಸಿದ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀಯೋ, ಇಲ್ಲ ಶೀಶೆಯನ್ನು ಹಾಗೇ ಗೂಡಿನಲ್ಲಿಟ್ಟು ನೋಡುತ್ತ ಕೂತಿದ್ದೀಯೋ? ನನ್ನ ತಮ್ಮ ಮಡಿವಾಳಯ್ಯನ ಕೆಮ್ಮು ನಿಂತಿತೇ? ಸೋದರಮಾವನ ಮನೆ ಎಂದು ಸಂಕೋಚ ಬೇಡ, ಹೊಟ್ಟೆ ತುಂಬ ಉಣ್ಣು. ನಾವಿಲ್ಲಿ ಎಲ್ಲರೂ ಸುಖವಾಗಿದ್ದೇವೆ ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ, ಆದರೆ ನನ್ನ ಸೊಂಟ ಸುಖವಾಗಿಲ್ಲ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಗೋಡೆಗೆ ಒರಗಿ ಒಂದು ಮಗ್ಗುಲಾಗಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಅತ್ತಿತ್ತ ಹರಿದಿದ್ದರೆ ಅದಕ್ಕೆ ಕಾರಣ ನಿನ್ನ ಗಂಡ ಗುರುಲಿಂಗಯ್ಯ. ಅಳಿಯನನ್ನು ಬಹುವಚನದಲ್ಲಿ ಬರೆಯಬೇಕೆಂದು ನನಗೂ ಗೊತ್ತು. ಸೊಂಟ ನೆಟ್ಟಗಾದ ಮೇಲೆ ಬರೆಯುತ್ತೇನೆ.

ನಿನ್ನ ಕಾಗದ ಎಳ್ಳಮಾವಾಸ್ಯೆಯ ಹಿಂದಿನ ದಿನ ಕೈಸೇರಿತು. ಇನ್ನು ಶಹಾಬಾದಿಗೆ ಕಾಲಿಡುವುದಿಲ್ಲ, ಅಲ್ಲಿರುವ ನನ್ನ ಟ್ರಂಕ್ ತಂದುಕೊಡು ಎಂದು ಬರೆದಿದ್ದೆ. ಕೂಸು ಮಣ್ಣಾದ ದಿನ ಚಿಂಚೋಳಿಗೆ ಬಂದವನು ಅಂಗಳದಲ್ಲೇ ನಿಂತು ಪಂಚರಿನ ಕಥೆ ಹೇಳಿದ, ನನ್ನ ಮುಖ ಸಹ ನೋಡದೆ ಸೈಕಲ್ ಹತ್ತಿ ಹೋದ, ಅಂಥವನ ಜೊತೆ ಹೇಗೆ ಬಾಳಲಿ ಎಂದು ಬರೆದಿದ್ದೆ. ಬಾಣಂತಿ ಕೋಣೆಗೆ ಗಂಡಸರು ಬರಕೂಡದೆಂದು ನಿಮ್ಮಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು, ಅದು ನಿಜ. ಆದರೆ ಗಂಡಸಾದವನು ಬಾಗಿಲ ಹೊರಗೆ ನಿಂತು ಒಂದು ಸಲ ಹೆಸರು ಹಿಡಿದು ಕೂಗಬಹುದಿತ್ತಲ್ಲ. ಕಡೆಯಲ್ಲಿ ನೀನು, “ಅವ್ವಾ, ನೀನೇ ಒಂದು ದಿನ ಅವರ ಸಂಗಟ ಇದ್ದು ನೋಡು, ಆಮ್ಯಾಲ ನೀ ಹೇಳಿದಂಗ ಕೇಳ್ತೀನಿ” ಎಂದು ಬರೆದಿದ್ದೆ. ಇದ್ದು ನೋಡಿದೆ. ಒಂದು ದಿನ ಪೂರ್ತಿ, ಚಿಂಚೋಳಿಯಿಂದ ಈ ಕಡೆಗೆ, ಅವನ ಸೈಕಲ್ಲಿನ ಹಿಂದೆ ಕೂತು ನೋಡಿದೆ.

ನಗಬೇಡ. ಸೇಡಮ್ಮಿನ ತನಕ ಬಂಡಿಯಲ್ಲಿ ಬಂದು ಅಲ್ಲಿಂದ ರೈಲಿಗೆ ಬರುವುದೆಂದು ನಾನು ಬುತ್ತಿ ಕಟ್ಟಿಕೊಂಡಿದ್ದೆ. ಹೊರಡುವ ಹೊತ್ತಿಗೆ ಬಲಗಡೆಯ ಎತ್ತಿನ ಗೊರಸು ಸೀಳಿದೆ ಎಂದ ನಿನ್ನ ಕಾಕಾ ಚೆನ್ನಬಸಯ್ಯ. ಆ ಎತ್ತಿನ ಗೊರಸು ನನ್ನ ಕೆಲಸವಿದ್ದಾಗಲೇ ಯಾಕೆ ಸೀಳುತ್ತದೋ ಆ ಬಸವಣ್ಣನೇ ಬಲ್ಲ. ಅದೇ ಹೊತ್ತಿಗೆ ನಿನ್ನ ಗಂಡ ಅಂಗಳದಲ್ಲಿ ಹಾಜರಿದ್ದ. ನಾನು ಟ್ರಂಕಿಗಾಗಿ ಬರುವ ಸುದ್ದಿ ಅವನಿಗೆ ಯಾರೋ ಮುಟ್ಟಿಸಿದ್ದರಂತೆ, ಕರೆದುಕೊಂಡು ಹೋಗಲು ಹಿಂದಿನ ಸಂಜೆಯೇ ಬಂದಿದ್ದ. ಅಯ್ಯನವರ ಮಗ, ಹಣೆಗೆ ವಿಭೂತಿ ಇದೆ, ಕೊರಳಲ್ಲಿ ಲಿಂಗ ಇದೆ, ಕೆಳಗೆ ಪ್ಯಾಂಟು. ಆ ಪ್ಯಾಂಟಿನ ಕಾಲಿಗೆ ಕಬ್ಬಿಣದ ಕ್ಲಿಪ್ಪು, ತಲೆಗೆ ಕರಿ ಟೋಪಿ, ಹ್ಯಾಂಡಲ್ಲಿಗೆ ಕೊಡೆ, ಸೀಟಿನ ಕೆಳಗೆ ಚರ್ಮದ ಚೀಲ. ಫ್ಯಾಕ್ಟರಿಯಲ್ಲಿ ಬರೀ ಕಾರಕೂನ, ಠೀವಿ ನೋಡಿದರೆ ಸುಭೇದಾರ ಹಳ್ಳಿಗಳ ತಪಾಸಣೆಗೆ ದೌರೆ ಹೊರಟಂತೆ. “ಸೈಕಲ್ ಇರೂತನಕ ಎತ್ತು ಯಾಕ ಬೇಕ್ರಿ” ಎಂದು ಚೆನ್ನಬಸಯ್ಯನಿಗೆ ಹೇಳಿ, ಕ್ಯಾರಿಯರ್ ಮೇಲೆ ಕೌದಿ ಮಡಚಿ ಹಾಕಿ ಹಗ್ಗ ಬಿಗಿದ. ಊರ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನೀನು ಬರೆದ ಮಾತಿಗಾಗಿ ಹತ್ತಿದೆ, ಇಲ್ಲದಿದ್ದರೆ ನಡೆದುಕೊಂಡೇ ಬರುತ್ತಿದ್ದೆ.

ಹತ್ತಿದ ಮೇಲೆ ಅವನನ್ನು ಹಿಡಿಯುವಂತಿಲ್ಲ, ಅವನ ಜೊತೆ ಮಾತಾಡುವಂತಿಲ್ಲ. ನಮ್ಮಲ್ಲಿ ಅತ್ತೆ ಅಳಿಯನಿಗೆ ಎದುರು ನಿಂತು ಮಾತಾಡುವುದಿಲ್ಲವಲ್ಲ. ಮೂರು ವರ್ಷದಿಂದ ಅವನಿಗೆ ಹೇಳಬೇಕಾದದ್ದನ್ನೆಲ್ಲ ನಾನು ಗೋಡೆಗೆ ಹೇಳಿದ್ದೇನೆ, ಕಂಬಕ್ಕೆ ಹೇಳಿದ್ದೇನೆ, ಅವನೂ ಅದೇ ಕಂಬಕ್ಕೆ ಉತ್ತರ ಕೊಟ್ಟಿದ್ದಾನೆ. ಮನೆಯೊಳಗೆ ಅದು ಸಾಗುತ್ತದೆ. ಸಡಕಿನ ಮೇಲೆ ಕಂಬವನ್ನು ಎಲ್ಲಿಂದ ತರಲಿ? ಅದಕ್ಕೆ ಸೈಕಲ್ಲಿಗೆ ಹೇಳಿದೆ. ಸೆರಗು ಹಲ್ಲಲ್ಲಿ ಕಚ್ಚಿ, ಸೀಟಿನ ಸ್ಪ್ರಿಂಗು ಗಟ್ಟಿಯಾಗಿ ಹಿಡಿದು, “ಏ ಸೈಕಲ್ಲಾ, ಸಾವಕಾಶ ಹೋಗು, ಹಿಂದ ಒಂದು ಜೀವ ಕುಂತದ” ಎಂದೆ. ಮುಂದಿನಿಂದ, “ಏ ಸೈಕಲ್ಲಾ, ಅಂಜಬ್ಯಾಡ್ರಿ ಅಂತ ಹೇಳು, ಬ್ರೇಕ್ ಹೊಸಾವು ಅವ” ಎಂದು ಉತ್ತರ ಬಂತು.

ಊರ ಹೊರಗೆ ನಮ್ಮ ಹೊಲ ಬಂತು. ಬದುವಿನ ಬನ್ನಿಗಿಡದ ಕೆಳಗೆ ಕೂಸಿನ ಮಣ್ಣು. ಅಲ್ಲಿ ಇಳಿಯುತ್ತಾನೆ, ಒಂದು ಕ್ಷಣ ನಿಂತು ಕೈ ಮುಗಿಯುತ್ತಾನೆ ಎಂದುಕೊಂಡೆ. ಇಳಿಯಲಿಲ್ಲ. ಕತ್ತು ತಿರುಗಿಸಿಯೂ ನೋಡಲಿಲ್ಲ. ದಾರಿಯಲ್ಲಿ ನರಪಿಳ್ಳೆ ಇಲ್ಲ, ಆದರೂ ಅಲ್ಲಿ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿಕೊಂಡು ಹೋದ. ಅವನ ಬೆನ್ನಿಗೆ ಒಂದು ಗುದ್ದು ಕೊಡಬೇಕೆನಿಸಿತು. ಶ್ರಾವಣದಲ್ಲಿ ನಿನಗೆ ಬರೆದಿದ್ದೆನಲ್ಲ, ಕೂಸಿನ ಮಣ್ಣಿನ ತಲೆಗೆ ಯಾರೋ ಒಂದು ನುಣುಪಾದ ಫರಸಿ ಕಲ್ಲು ನಿಲ್ಲಿಸಿದ್ದಾರೆ ಎಂದು. ಹಸುಗೂಸಿಗೆ ಕಲ್ಲು ಇಡುವುದು ನಮ್ಮಲ್ಲಿಲ್ಲ, ಆದರೂ ನೋಡಿ ಜೀವ ತಂಪಾಗಿತ್ತು. ಆ ವಾರ ಚೆನ್ನಬಸಯ್ಯ ಬಂಡಿ ಕಟ್ಟಿಕೊಂಡು ಸೇಡಮ್ಮಿಗೆ ಹೋಗಿ ಬಂದಿದ್ದ, ಅವನೇ ತಂದು ಇಟ್ಟನೆಂದು ಎಲ್ಲರೂ ಅಂದೆವು. ಅವನು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ, ನಾನು ಮಾಡಿ ಬಡಿಸಿದ ಹುಗ್ಗಿ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡ. ಕಲ್ಲಿನ ಮೇಲೆ ಒಂದು ಅಕ್ಷರ ಇಲ್ಲ. ತರುವುದು ತಂದ, ಕೆತ್ತಿಸಲು ಜಿಪುಣತನ ಮಾಡಿದ ಎಂದು ಒಳಗೊಳಗೇ ಬೈದುಕೊಂಡಿದ್ದೆ. ಆದರೂ ಕಾಕನಾದವನಿಗೆ ಇದ್ದ ಕರುಳು ಹಡೆದ ಅಪ್ಪನಿಗಿಲ್ಲವಲ್ಲ ಎಂದು ಆ ಗಂಟೆಯ ಸದ್ದು ಕೇಳಿ ನನಗೆ ಅಳು ಬಂತು. ಅತ್ತದ್ದು ಅವನಿಗೆ ಗೊತ್ತಾಗಲಿಲ್ಲ, ಟಾಯರಿಗೆ ಚಳಿಗಾಲದಲ್ಲಿ ಎಷ್ಟು ಗಾಳಿ ಬೇಕು, ಬೇಸಿಗೆಯಲ್ಲಿ ಎಷ್ಟು ಬೇಕು ಎಂದು ಹೇಳುತ್ತಿದ್ದ.

ಅವನ ಮಾತು ಎಂಥದ್ದೆಂದು ನಿನಗೆ ಹೊಸದಾಗಿ ಏನು ಹೇಳಲಿ. ಸುಲೇಪೇಟದ ತನಕ ಗಾಳಿ. ಅಲ್ಲಿ ಬಾವಿಯ ಹತ್ತಿರ ಇಳಿದು ಲಿಂಗಪೂಜೆ ಮಾಡಿಕೊಂಡೆವು, ಅಷ್ಟು ಹೊತ್ತು ಬಾಯಿ ಮುಚ್ಚಿತ್ತು, ಶಿವನ ದಯೆ. ಆಮೇಲೆ ಚೈನು, ಅದಕ್ಕೆ ಕುಸುಬಿ ಎಣ್ಣೆ ಹಾಕಿದರೆ ಧೂಳು ಹಿಡಿಯುತ್ತದೆ, ಮಷೀನಿನ ಎಣ್ಣೆಯೇ ಆಗಬೇಕು. ಆಮೇಲೆ ಮೈಲಿಗಲ್ಲು, ಯಾವುದು ಸರಿ ನೆಟ್ಟಿದ್ದಾರೆ, ಯಾವುದು ಹೆಚ್ಚುಕಡಿಮೆ. ತೊಗರಿ ಕೊಯ್ಲಿನ ಹೆಣ್ಣಾಳುಗಳು ಕುಡುಗೋಲು ಬಿಟ್ಟು ನಮ್ಮನ್ನು ನೋಡಿ ನಗುತ್ತಿದ್ದರೆ ಅವರಿಗೂ ಗಂಟೆ ಬಾರಿಸಿ ಸಲಾಮು ಮಾಡಿದ. ನನಗೋ ಎಡಕ್ಕೆ ಜಾರುವುದೇ ಕೆಲಸ. ಆ ಕ್ಯಾರಿಯರ್ ಎಡಗಡೆಗೆ ಸೊಟ್ಟಗೆ ಬಾಗಿದೆ, ಎಷ್ಟು ಸರಿದು ಕೂತರೂ ಮತ್ತೆ ಜಾರಿಸುತ್ತದೆ. ತನ್ನ ಗಾಡಿಯ ಒಂದು ಕಡ್ಡಿ ಅಲುಗಾಡಿದರೂ ಬಿಚ್ಚಿ ಕೂರುವ ಮಹಾರಾಯ ಇದನ್ನು ಯಾಕೆ ಹೀಗೆ ಬಿಟ್ಟಿದ್ದಾನೆ ಎಂದು, “ಏ ಸೈಕಲ್ಲಾ, ನಿನ್ನ ಬೆನ್ನು ಯಾಕ ಸೊಟ್ಟ ಆಗ್ಯಾದ?” ಎಂದು ಕೇಳಿದೆ. ಮುಂದಿನ ಊರು ಬರುವ ತನಕ ಆ ಬಾಯಿಂದ ಒಂದು ಶಬ್ದ ಬರಲಿಲ್ಲ. ತನ್ನ ಸೈಕಲ್ಲಿನಲ್ಲಿ ಕುಂದು ತೆಗೆದೆನೆಂದು ಸಿಟ್ಟು ಬಂತೇನೋ. ಹೆಂಡತಿ ಬಿಟ್ಟು ಹೋದರೆ ಬಾರದ ಸಿಟ್ಟು ಕ್ಯಾರಿಯರಿಗೆ ಬರುತ್ತದೆ ನೋಡು.

ಸೇಡಮ್ಮಿನಲ್ಲಿ ನಾನು ರೈಲಿಗೆ ಹೋಗುವವಳೇ. ಸ್ಟೇಷನ್ ಕಾಣುವಷ್ಟು ಹತ್ತಿರ ಬಂದು ಪಂಚರ್ ಆಯಿತು. ಆ ಚರ್ಮದ ಚೀಲ ಬಿಚ್ಚಿ, ಹೋಟೆಲಿನವನ ಬೋಗುಣಿಯಲ್ಲಿ ನೀರು ತರಿಸಿ, ಟ್ಯೂಬು ಮುಳುಗಿಸಿ, ಗುಳ್ಳೆ ಬಂದಾಗ ನಿಧಿ ಸಿಕ್ಕವನಂತೆ ನಕ್ಕ. ಸಂತೆಗೆ ಬಂದ ಅರ್ಧ ಜನ ಅವನ ಸುತ್ತ, ಉಳಿದರ್ಧ ನನ್ನ ಸುತ್ತ. ಆ ಗುಳ್ಳೆಯ ಸಂಭ್ರಮ ಮುಗಿಯುವುದರೊಳಗೆ ರೈಲು ನನ್ನ ಕಣ್ಣೆದುರೇ ಹೋಯಿತು. ಮುಂದಿನದು ದೀಪ ಹಚ್ಚಿದ ಮೇಲೆ ಎಂದರು. “ಏ ಸೈಕಲ್ಲಾ, ಅಷ್ಟೊತ್ತಿಗಿ ನಾವು ಶಹಾಬಾದದಾಗ ಇರ್ತೀವಿ ಅಂತ ಹೇಳು” ಎಂದ. ಅಪರಿಚಿತ ಊರಲ್ಲಿ ಒಬ್ಬಳೇ ಏನು ಮಾಡಲಿ, ಮತ್ತೆ ಹತ್ತಿದೆ. ಮಳಖೇಡದ ಹತ್ತಿರ ಕಾಗಿಣಾ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು, ಅವನು ಆ ಕಡೆ ಮುಖ, ನಾನು ಈ ಕಡೆ ಮುಖ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ ಕಲ್ಲಿನ ಮೇಲಿಟ್ಟೆ. ಅವನು ಮೊದಲು ಹೊಳೆಗಿಳಿದು ಸೈಕಲ್ಲಿನ ಗಾಲಿ ತೊಳೆದ, ಆಮೇಲೆ ತನ್ನ ಕೈ ತೊಳೆದ. ನಿನಗೆ ಎಂದಾದರೂ ಕಾಲಿಗೆ ಒಂದು ತಂಬಿಗೆ ನೀರು ಕೊಟ್ಟಿದ್ದಾನೆಯೇ?

ಚಿತ್ತಾಪುರದಲ್ಲಿ ಚಾವಡಿ ಮುಂದೆ ನಿಂತು, ಯಾರೂ ಕೇಳದಿದ್ದರೂ, ಚಿಂಚೋಳಿಯಿಂದ ಅತ್ತೆಯನ್ನು ಕೂರಿಸಿಕೊಂಡು ಬಂದಿದ್ದೇನೆ ಎಂದು ಸಾರಿದ. ಚಾವಡಿಯ ಜವಾನ ನನ್ನನ್ನು ಮೇಲಿಂದ ಕೆಳಗೆ ನೋಡಿ “ಭಾಳ ಗಟ್ಟಿ ಅದಾರ್ರಿ ಮುದುಕಿ” ಎಂದ. ನನಗೆ ಭೂಮಿಯೊಳಗೆ ಇಳಿದು ಹೋದರೆ ಸಾಕೆನಿಸಿತು, ಮತ್ತು ಸ್ವಲ್ಪ ಹೊತ್ತಿನಲ್ಲೇ ಹಾಗೇ ಆಯಿತು. ಊರು ದಾಟಿ ಇಳಿಜಾರು ಬಂತು. ಅವನು ಒಂದು ಕೈ ಬಿಟ್ಟು, ಬ್ರೇಕು ಯಾವಾಗ ಹಿಡಿಯಬೇಕು ಯಾವಾಗ ಹಿಡಿಯಬಾರದು ಎಂದು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದ. ಗಾಲಿ ಕಲ್ಲಿನ ಮೇಲೆ ಹಾರಿತು, ಕೌದಿಯ ಹಗ್ಗ ಸಡಿಲಾಯಿತು, ನಾನು ಕೌದಿ ಸಮೇತ ಎಡಕ್ಕೆ ಜಾರಿ ಎರೆಮಣ್ಣಿನಲ್ಲಿ ಕೂತಿದ್ದೆ. ಅವನು ಹೋಗುತ್ತಲೇ ಇದ್ದ. ಏನೆಂದು ಕೂಗಲಿ? ಅಳಿಯನ ಹೆಸರು ಹಿಡಿದು ಕರೆಯಲೇ? “ಏ ಸೈಕಲ್ಲಾ, ಏ ಸೈಕಲ್ಲಾ” ಎಂದು ಕೂಗಿದೆ. ಸೈಕಲ್ಲಿಗೆ ಕೇಳಿಸಲಿಲ್ಲ. ದೂರದಲ್ಲಿ ಅವನ ಕೈ ಇನ್ನೂ ಆಡುತ್ತಿತ್ತು, ತಿರುವಿನಲ್ಲಿ ಮರೆಯಾಗುವ ತನಕ ಖಾಲಿ ಕ್ಯಾರಿಯರಿಗೆ ಬ್ರೇಕಿನ ಪಾಠ ಹೇಳುತ್ತ ಹೋದ. ನಾನು ಕೂತಿದ್ದಾಗಲೂ ಉತ್ತರ ಕೊಡುತ್ತಿರಲಿಲ್ಲವಲ್ಲ, ಇದ್ದೇನೋ ಇಲ್ಲವೋ ಅವನಿಗೆ ಹೇಗೆ ತಿಳಿಯಬೇಕು?

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಖಾಲಿ ಬಂಡಿ ಬಂತು. ರಾವೂರದ ಕಲ್ಲಿನ ಬಂಡಿ, ಹೊಡೆಯುವವನು ಇಸಾಕ ಅಂತ. “ಯಾಕ್ರಿ ಯವ್ವಾ, ನಡು ಹಾದ್ಯಾಗ ಕುಂತೀರಿ?” ಎಂದ. ಅಳಿಯ ಬೀಳಿಸಿ ಹೋಗಿದ್ದಾನೆ ಎಂದೆ. ಅವನು ಮೊದಲು ನನ್ನನ್ನು ಎಬ್ಬಿಸಿ ಬಂಡಿಯಲ್ಲಿ ಕೂರಿಸಿ, ನೀರು ಬೇಕೇ ಎಂದು ಕೇಳಿ, ಆಮೇಲೆ ಎತ್ತುಗಳು ತಾವೇ ನಿಲ್ಲುವಷ್ಟು ನಕ್ಕ. ಆ ಕ್ರಮ ನನಗೆ ಹಿಡಿಸಿತು. ರಾವೂರ ಹತ್ತಿರ ಬಂದಿತ್ತು, ಆಗ ಎದುರಿನಿಂದ ಒಂದೇ ಸಮನೆ ಗಂಟೆ. ನಿನ್ನ ಗಂಡ. ಟೋಪಿ ಎಲ್ಲೋ ಬಿದ್ದಿದೆ, ಮುಖ ಸುಣ್ಣದಂತಾಗಿದೆ, ಬಾಯಿ ತೆರೆದು ಅತ್ತೀ ಎಂದು ಕೂಗಲಾರದೆ ಗಂಟೆ ಬಾರಿಸುತ್ತ ಬರುತ್ತಿದ್ದಾನೆ. ಇಳಿದವನೇ ಸೈಕಲ್ಲಿಗೆ, “ಎಲ್ಲ್ಯಾರ ಪೆಟ್ಟಾಗ್ಯಾದೇನು ಕೇಳು” ಎಂದ. “ಭಾರ ಇಳಿದದ್ದು ಗೊತ್ತಾಗಲಿಲ್ಲೇನು ಕೇಳು” ಎಂದೆ ನಾನು. ಇಳಿಜಾರಿತ್ತು, ಅದಕ್ಕೇ ಹಗುರಾಯಿತು ಎಂದುಕೊಂಡನಂತೆ. ಇಷ್ಟು ಬುದ್ಧಿಯವನ ಕೈಗೆ ನಿನ್ನನ್ನು ಕೊಟ್ಟೆವಲ್ಲ ನೀಲವ್ವಾ. ಇಸಾಕ ಅವನ ಗುರುತಿನವನು, “ಏ ಅಯ್ಯಾ, ಮತ್ತ ಅದಾ ಕ್ಯಾರಿಯರ್ ಏನೋ” ಎಂದು ಏನೋ ಹೇಳಲು ಹೊರಟ, ಇವನು “ಇಸಾಕಭಾಯ್, ಸುಮ್ನಿರಪಾ” ಎಂದು ಬಾಯಿ ಮುಚ್ಚಿಸಿದ. ತನ್ನ ಮರ್ಯಾದೆ ಅಷ್ಟು ದೊಡ್ಡದು.

ವಾಡಿಯ ತನಕ ಬಂಡಿಯಲ್ಲೇ ಬಂದೆ. ಅಲ್ಲಿ ಸೈಕಲ್ಲಿಗೆ “ನೀ ಹೋಗು, ನಾ ರೈಲಿಗಿ ಬರ್ತೀನಿ” ಎಂದು ಹೇಳಿ ಇಂಜಿನ್ನಿನ ಹೊಗೆಯೊಳಗೆ ನಡೆದುಬಿಟ್ಟೆ. ರೈಲು ಶಹಾಬಾದ ಮುಟ್ಟುವ ಹೊತ್ತಿಗೆ ಅವನು ಆಗಲೇ ಸ್ಟೇಷನ್ನಿನ ಫಲಾಟಿನ ಮೇಲೆ ನಿಂತಿದ್ದ, ನಾಯಿಯಂತೆ ತೇಕುತ್ತಿದ್ದರೂ ಎದೆ ಮುಂದೆ ಮಾಡಿಕೊಂಡು. ರೈಲಿಗಿಂತ ಮುಂಚೆ ಬಂದೆ ಎಂಬ ಗರ್ವ. ರೈಲು ವಾಡಿಯಲ್ಲಿ ನೀರು ಕುಡಿಯುತ್ತ ಎಷ್ಟು ಹೊತ್ತು ನಿಂತಿತ್ತು ಎಂದು ನಾನು ಬಾಯಿ ಬಿಡಲಿಲ್ಲ. ಇಲ್ಲಿ ನಿನ್ನ ಅತ್ತೆ ಲಲಿತಾಬಾಯಿ ಬಿಸಿನೀರು ಕಾಸಿ ಕೊಟ್ಟು, ಸೊಸೆ ಯಾವಾಗ ಬರುತ್ತಾಳೆ ಎಂದು ಕೇಳಿದಳು. ನಾನು ಟ್ರಂಕ್ ಎಲ್ಲಿದೆ ಎಂದು ಕೇಳಿದೆ. ಅವಳ ಮುಖ ಸಣ್ಣದಾಯಿತು, ಕೋಣೆ ತೋರಿಸಿದಳು.

ಕೇಳಿದೆಯಲ್ಲ, ಹೇಳುತ್ತೇನೆ. ಒಂದು ದಿನ ಇದ್ದು ನೋಡಿದೆ. ಕುಡುಕನಲ್ಲ, ಕೈ ಎತ್ತುವವನಲ್ಲ, ಸುಳ್ಳ ಸಹ ಅಲ್ಲ. ಆದರೆ ಕಬ್ಬಿಣಕ್ಕಿರುವ ಬೆಲೆ ಅವನಲ್ಲಿ ಮನುಷ್ಯರಿಗಿಲ್ಲ. ಬೆಳಗಿನಿಂದ ಸಂಜೆಯ ತನಕ ನಿನ್ನ ಹೆಸರು ಒಂದು ಸಲ ಎತ್ತಲಿಲ್ಲ. ಕೂಸಿನ ಹೊಲ ದಾಟುವಾಗ ಗಂಟೆ ಬಾರಿಸಿಕೊಂಡು ಹೋದವನ ಜೊತೆ ಬಾಳು ಎಂದು ನಾನು ಯಾವ ಬಾಯಿಂದ ಹೇಳಲಿ? ನೀನು ಅಲ್ಲೇ ಇರು. ಸೊಂಟ ಸ್ವಲ್ಪ ಬಗ್ಗುವಂತಾದ ಮೇಲೆ ಟ್ರಂಕ್ ತೆಗೆದುಕೊಂಡು ನಾನೇ ಸೊಲ್ಲಾಪುರದ ರೈಲು ಹತ್ತುತ್ತೇನೆ.

ಮಡಿವಾಳಯ್ಯನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳು, ಅವರ ಮಕ್ಕಳ ಗಲ್ಲಕ್ಕೆ ನನ್ನ ಪರವಾಗಿ ಮುತ್ತು ಕೊಡು. ಆ ಗುರುಬಸವ ನಿನ್ನ ಬೆನ್ನಿಗಿರಲಿ, ನಿನ್ನ ಉಡಿ ಮತ್ತೆ ತುಂಬಲಿ.

ನಿನ್ನ ಅವ್ವ,
ಶಿವಕಾಂತಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಟಪ್ಪಾಲಿನವನು ಹೊರಗೆ ನಿಂತಿದ್ದಾನೆ. ಈಗ ಬೆಳಿಗ್ಗೆ ಇಸಾಕ ಈ ಓಣಿಗೆ ಕಲ್ಲು ಇಳಿಸಲು ಬಂದವನು ನನ್ನ ಸೊಂಟ ಹೇಗಿದೆ ಎಂದು ವಿಚಾರಿಸಲು ಬಂದ. ಅಂಗಳದ ಸೈಕಲ್ ನೋಡಿ, “ಇನ್ನಾ ಸೀದಾ ಮಾಡಿಸಿಲ್ಲ ನೋಡ್ರಿ” ಎಂದ. ಅದು ಹೇಗೆ ಬಾಗಿತು ಎಂದು ಕೇಳಿದೆ. “ಹೇಳಬ್ಯಾಡ ಅಂದಾನ್ರಿ, ಆದ್ರ ನೀವು ಅದರ ಮ್ಯಾಲಿಂದಾ ಬಿದ್ದೀರಿ, ನಿಮಗ ಹೇಳಲೇಬೇಕು. ಶ್ರಾವಣದಾಗ ಮಳಿ ಹತ್ತಿತ್ತು. ನಮ್ಮ ಖಣಿಯಾಗಿನ ಫರಸಿ ಆ ಕ್ಯಾರಿಯರಿಗಿ ಕಟಗೊಂಡು ಚಿಂಚೋಳಿಗಿ ಹೋದ, ಅರ್ಧ ಹಾದಿ ಕೆಸರಾಗ ನೂಕ್ಕೊಂತಾ. ಬಂಡಿಗಿ ಹಾಕು ಅಂದ್ರ ಕೇಳಲಿಲ್ಲ. ‘ಕೂಸಿನ್ನ ಒಂದು ದಿನಾನೂ ಎತಗೊಂಡಿಲ್ಲ ಇಸಾಕಭಾಯ್, ಇದನ್ನರ ನಾನೇ ಒಯ್ತೀನಿ’ ಅಂದ. ಹೆಸರು ಕೆತ್ತಿ ಕೊಡ್ತೀನಿ ಅಂದ್ರ, ಇನ್ನಾ ಹೆಸರಿಟ್ಟಿಲ್ಲ, ಕೂಸಿನವ್ವನ್ನ ಕೇಳಬೇಕು ಅಂದ” ಎಂದು ಹೇಳಿ ಇಸಾಕ ಕಣ್ಣು ಒರೆಸಿಕೊಂಡ. ಆ ಗಂಟೆ ಯಾರಿಗೆ ಬಾರಿಸಿದ್ದು ಎಂದು ಈಗ ತಿಳಿಯಿತು. ನಾಲಿಗೆ ಇದ್ದೂ ಇದನ್ನು ನಿನಗೆ ಹೇಳದ ಅವನು ಹುಚ್ಚ, ಬೇರೆಯವನ ಕಲ್ಲಿಗೆ ಹುಗ್ಗಿ ಉಂಡ ಚೆನ್ನಬಸಯ್ಯನನ್ನು ನಾನು ಊರಿಗೆ ಹೋಗಿ ವಿಚಾರಿಸಿಕೊಳ್ಳುತ್ತೇನೆ.

ಇಸಾಕ ಹೋದ ಮೇಲೆ ಅಂಗಳಕ್ಕೆ ಹೋದೆ. ಅವನು ಬಿಸಿಲಲ್ಲಿ ಕೂತು ಗಾಲಿ ಒರೆಸುತ್ತಿದ್ದ. ಎದುರಿಗೇ ನಿಂತು, “ಅಳಿಯಂದ್ರ, ಹಸಿದಿರಬೇಕು, ಒಳಗ ಬರ್ರಿ, ಉಣ್ರಿ” ಎಂದೆ. ನಾನು ಯಾರಿಗೆ ಹೇಳಿದೆ ಎಂದು ಅವನು ತಿರುಗಿ ಸೈಕಲ್ ಕಡೆ ನೋಡಿದ.

ಟ್ರಂಕ್ ತರುವುದಿಲ್ಲ, ಅದು ಇಲ್ಲೇ ಇರುತ್ತದೆ. ನೀನು ರೈಲಿನಲ್ಲಿ ಬಾ, ಅವನ ಸೈಕಲ್ ಮಾತ್ರ ಹತ್ತಬೇಡ. ಕಲ್ಲು ಇನ್ನೂ ಖಾಲಿ ಇದೆ ಮಗಳೇ. ಬರುವಾಗ ಕೂಸಿಗೆ ಒಂದು ಹೆಸರು ತೆಗೆದುಕೊಂಡು ಬಾ.